ಹೋಗುವಾಗ ಆರು ಗಂಟೆ, ಬರುವಾಗ ಹದಿಮೂರು: ಇದೇನು ಲೆಕ್ಕ?

ವಿದ್ಯಾನಗರದ ಅಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಗಳು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಓದುತ್ತಿದ್ದಾಳೆ. ನಾನು, ನಮ್ಮ ಯಜಮಾನರು ಅಕ್ಟೋಬರ್‌ನಲ್ಲಿ ಅಲ್ಲಿಗೆ ಹೊರಟಿದ್ದೇವೆ. ಇಬ್ಬರೂ ಇದುವರೆಗೆ ವಿಮಾನ ಹತ್ತಿದವರಲ್ಲ. ಬೆಂಗಳೂರಿನಿಂದ ನೇರ ವಿಮಾನ. ಟಿಕೆಟ್ ಮಗಳೇ ಮಾಡಿಸಿ ಕಳಿಸಿದಳು.

ಟಿಕೆಟ್ ನೋಡಿದಾಗಿನಿಂದ ಮನೆಯಲ್ಲಿ ಜಗಳ ಶುರುವಾಗಿದೆ. ಹೋಗುವುದು ಅಕ್ಟೋಬರ್ 10, ಬೆಳಗಿನ ಜಾವ 3:10ಕ್ಕೆ. ತಲುಪುವುದು ಅದೇ ದಿನ ಬೆಳಿಗ್ಗೆ 9ಕ್ಕೆ. ಅಂದರೆ ಆರು ಗಂಟೆಯೂ ಪೂರ್ತಿ ಇಲ್ಲ. ವಾಪಸ್ ಬರುವುದು ನವೆಂಬರ್ 12, ಮಧ್ಯಾಹ್ನ 1 ಗಂಟೆಗೆ. ಬೆಂಗಳೂರು ತಲುಪುವುದು 13ನೇ ತಾರೀಖು ಬೆಳಗಿನ ಜಾವ 2:20ಕ್ಕೆ. ಇದು ಹದಿಮೂರು ಗಂಟೆಗೂ ಜಾಸ್ತಿ! ಬರುವಾಗ ವಿಮಾನ ಎಲ್ಲೋ ಸುತ್ತು ಹಾಕುತ್ತದೆ ಅನ್ನುವುದು ನಮ್ಮವರ ವಾದ. ಮಗಳಿಗೆ ಕೇಳಿದರೆ "ಅಮ್ಮಾ, ಪರೀಕ್ಷೆ ಇದೆ, ಆಮೇಲೆ ಹೇಳ್ತೀನಿ" ಅನ್ನುತ್ತಾಳೆ.

ದೂರದ್ದೂ ಅದೇ ಕಥೆ. ಮೊಬೈಲಿನಲ್ಲಿ ದಾವಣಗೆರೆ–ಫ್ರಾಂಕ್‌ಫರ್ಟ್ ಅಂತ ಹಾಕಿದರೆ 7,170 ಬರುತ್ತದೆ. ಬೆಂಗಳೂರು–ಫ್ರಾಂಕ್‌ಫರ್ಟ್ ಹಾಕಿದರೆ 7,400. ಇನ್ನೊಂದು ಕಡೆ 4,600, ಮತ್ತೊಂದು ಕಡೆ 4,000. ಯಾವುದನ್ನು ನಂಬಬೇಕು? ತಿಳಿದವರು ಹೇಳಿ.

ಗುಂಡಿ ಸರ್ಕಲ್ (ದಾವಣಗೆರೆ)

ಅಮ್ಮಾ, ಭೂಮಿ ಪೂರ್ವಕ್ಕೆ ತಿರುಗುತ್ತದೆ ಅಲ್ವಾ? ನೀವು ಪಶ್ಚಿಮಕ್ಕೆ ಹೋಗುವಾಗ ಫ್ರಾಂಕ್‌ಫರ್ಟೇ ನಿಮ್ಮ ಎದುರಿಗೆ ಓಡಿ ಬರುತ್ತದೆ. ಅದಕ್ಕೇ ಆರು ಗಂಟೆ. ಬರುವಾಗ ಬೆಂಗಳೂರು ಮುಂದೆ ಮುಂದೆ ಓಡುತ್ತಿರುತ್ತದೆ, ವಿಮಾನ ಅದನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರಬೇಕು. ಲೆಕ್ಕ ಸರಿಹೋಯಿತಾ?

ಕೋಟೆಬಾಗಿಲು (ಚಿತ್ರದುರ್ಗ)

ಗುಂಡಿ ಸರ್ಕಲ್‌ನವರೇ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನಿಮ್ಮ ಉತ್ತರಕ್ಕೆ ಸೊನ್ನೆ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದಾವಣಗೆರೆ ಇರುವ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ನಿಮ್ಮ ಮಾತು ನಿಜವಾದರೆ ಹೈಸ್ಕೂಲ್ ಮೈದಾನದಲ್ಲಿ ಮೇಲಕ್ಕೆ ಹೊಡೆದ ಚೆಂಡು ಅರ್ಧ ನಿಮಿಷ ಗಾಳಿಯಲ್ಲಿದ್ದರೆ ಹರಿಹರದಲ್ಲಿ ಹೋಗಿ ಬೀಳಬೇಕು. ಬೀಳುತ್ತದಾ? ಇಲ್ಲ. ನೆಲದ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಓಡುವ ಬಸ್ಸಿನಲ್ಲಿ ಮಂಡಕ್ಕಿ ಮೇಲಕ್ಕೆ ಎಸೆದು ಬಾಯಿಗೆ ಹಾಕಿಕೊಳ್ಳುತ್ತೀರಲ್ಲ, ಅದು ಹಿಂದಿನ ಸೀಟಿನವರ ಬಾಯಿಗೆ ಹೋಗುವುದಿಲ್ಲ. ಹಾಗೆಯೇ ಇದು.

ಅಮ್ಮಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು. ತಲುಪುವ ಹೊತ್ತು ತಲುಪುವ ಊರಿನ ಗಡಿಯಾರದ್ದು. ಎರಡನ್ನೂ ಹಾಗೇ ಕಳೆದರೆ ತಪ್ಪು ಬರುತ್ತದೆ. ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ಹೋಗುವಾಗ ಗಡಿಯಾರದಲ್ಲಿ ಕಾಣುವುದು 5 ಗಂಟೆ 50 ನಿಮಿಷ. ಅದಕ್ಕೆ ಮೂರೂವರೆ ಸೇರಿಸಿ. 9 ಗಂಟೆ 20 ನಿಮಿಷ ಆಯಿತು. ಇದು ನಿಜವಾದ ಪ್ರಯಾಣದ ಹೊತ್ತು. ಬರುವಾಗ ಅದೇ ಮೂರೂವರೆಯನ್ನು ಕಳೆಯಬೇಕು.

ವಿದ್ಯಾನಗರದ ಅಮ್ಮ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹಾಗೇ ಮಾಡಿದೆ. ಬರುವಾಗ 13 ಗಂಟೆ 20 ನಿಮಿಷ. ಮೂರೂವರೆ ಕಳೆದರೆ 9 ಗಂಟೆ 50 ನಿಮಿಷ. ಹಾಗಾದರೆ ಬರುವಾಗ ಅರ್ಧ ಗಂಟೆ ಜಾಸ್ತಿಯೇ ಆಯಿತಲ್ಲ? ನಮ್ಮವರು ಪಕ್ಕದಲ್ಲಿ ಕೂತು ಮೀಸೆ ಅಡಿಯಲ್ಲಿ ನಗುತ್ತಿದ್ದಾರೆ.

ಹೊಳಲ್ಕೆರೆ ಹೈದ (ಸದ್ಯ ಜರ್ಮನಿ)

ಇದು ವಿಚಿತ್ರ. ಮೂರು ವರ್ಷದಿಂದ ಇಲ್ಲೇ ಇದ್ದೇನೆ, ಹೋಗಿ ಬಂದು ಮಾಡಿದ್ದೇನೆ. ಊರಿಗೆ ಬರುವ ವಿಮಾನವೇ ಯಾವಾಗಲೂ ಬೇಗ ತಲುಪುತ್ತದೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಇದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ಜೋರು ಇನ್ನೂ ಹೆಚ್ಚು. ಬರುವಾಗ ಅದು ಬೆನ್ನ ಹಿಂದಿನಿಂದ ತಳ್ಳುತ್ತದೆ, ಹೋಗುವಾಗ ಎದೆಗೆ ಬಡಿಯುತ್ತದೆ. ನವೆಂಬರ್‌ನಲ್ಲಿ ಬರುವ ನಿಮಗೆ ಇನ್ನೂ ಕಡಿಮೆ ಆಗಬೇಕಿತ್ತು. ಟಿಕೆಟ್ ಸರಿಯಾಗಿ ನೋಡಿದ್ದೀರಾ?

ವಿದ್ಯಾನಗರದ ಅಮ್ಮ

ಕನ್ನಡಕ ಹಾಕಿಕೊಂಡೇ ಎರಡು ಸಲ ನೋಡಿದೆ. 1:00, 2:20. ಅದೇ ಇದೆ.

ಹೊಳಲ್ಕೆರೆ ಹೈದ

ತಡೀರಿ, ಸಿಕ್ಕಿತು! ತಪ್ಪು ಟಿಕೆಟ್‌ದೂ ಅಲ್ಲ, ಗಾಳಿದೂ ಅಲ್ಲ. ಇಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸುತ್ತಾರೆ. ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ. ನೀವು ಹೋಗುವುದು ಅದಕ್ಕೆ ಮೊದಲು, ಬರುವುದು ಅದಾದ ಮೇಲೆ. ಹಾಗಾಗಿ ಹೋಗುವಾಗ ವ್ಯತ್ಯಾಸ ಮೂರೂವರೆ ಗಂಟೆ, ಬರುವಾಗ ನಾಲ್ಕೂವರೆ. ಈಗ ಕಳೆಯಿರಿ.

ವಿದ್ಯಾನಗರದ ಅಮ್ಮ

8 ಗಂಟೆ 50 ನಿಮಿಷ! ಅಬ್ಬಾ. ಮೀಸೆ ಅಡಿಯ ನಗು ನಿಂತಿತು.

ಕೋಟೆಬಾಗಿಲು

ನನ್ನ ತಪ್ಪು ಒಪ್ಪಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ರೇಖಾಂಶ ಲೆಕ್ಕ ಮಾಡಿಸಿದ್ದೇನೆ, 15 ಡಿಗ್ರಿಗೆ ಒಂದು ಗಂಟೆ ಅಂತ. ಗಡಿಯಾರವನ್ನೇ ಜನ ಕೈಯಲ್ಲಿ ತಿರುಗಿಸುತ್ತಾರೆ ಅನ್ನುವುದು ತಲೆಗೆ ಬರಲೇ ಇಲ್ಲ. ಹೈದನಿಗೆ ಪೂರ್ತಿ ಅಂಕ.

ದೂರದ ವಿಷಯ ಮಾತ್ರ ನನಗೆ ಬಿಡಿ. ಅದು ಬಹಳ ಸ್ವಾರಸ್ಯದ್ದು.

ಮೊದಲು 7,400, 4,600, 4,000. ಮೂರೂ ಒಂದೇ ದೂರ. ಮೊದಲನೆಯದು ಕಿಲೋಮೀಟರ್. ಎರಡನೆಯದು ಮೈಲಿ. ಮೂರನೆಯದು ನಾಟಿಕಲ್ ಮೈಲಿ, ಅಂದರೆ ಹಡಗಿನವರು, ವಿಮಾನದವರು ಬಳಸುವ ಅಳತೆ. ಒಂದು ಮೈಲಿ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಮೊಬೈಲಿನವರು ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ, ನಮ್ಮ ವಯಸ್ಸಿನವರ ಕಣ್ಣಿಗೆ ಕಾಣುವುದಿಲ್ಲ.

ಇನ್ನು 7,170. ಇದು ದಾವಣಗೆರೆಯಿಂದ ಕಾಗೆ ಹಾರಿದಂತೆ ಅಳೆದ ದೂರ. ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ದಾವಣಗೆರೆ–ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 260 ಕಿ.ಮೀ. ರೈಲಿನಲ್ಲಿ ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗುವುದರಿಂದ ಸುಮಾರು 325. ಕಾಗೆಗೆ 245ರ ಹತ್ತಿರ. ಮೂರೂ ನಿಜ. ಯಾರು ಹೋಗುತ್ತಾರೆ ಅನ್ನುವುದರ ಮೇಲೆ ದೂರ.

ಆದರೆ ಕಾಗೆ ನೇರ ಹಾರುತ್ತದೆ ಅಂದರೆ ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ. ನಕ್ಷೆ ಚಪ್ಪಟೆ, ಭೂಮಿ ಉಂಡೆ. ಒಂದು ಮೋಸಂಬಿ ತೆಗೆದುಕೊಂಡು ಎರಡು ಗುಂಡುಸೂಜಿ ಚುಚ್ಚಿ, ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ಕೂತ ಜಾಗವೇ ಹತ್ತಿರದ ದಾರಿ. ನಕ್ಷೆಯಲ್ಲಿ ಅದು ಬಿಲ್ಲಿನಂತೆ ಉತ್ತರಕ್ಕೆ ಬಾಗಿ ಕಾಣುತ್ತದೆ. ನಿಮ್ಮ ಯಜಮಾನರಿಗೆ "ಸುತ್ತು ಹಾಕುತ್ತದೆ" ಅನ್ನಿಸುವುದು ಅದಕ್ಕೇ.

ಈಗ ತಮಾಷೆ ಕೇಳಿ. ಸುಮ್ನೆ ಕೂತು ಬೆಂಗಳೂರು ವಿಮಾನ ನಿಲ್ದಾಣದಿಂದ ಫ್ರಾಂಕ್‌ಫರ್ಟ್‌ಗೆ ಈ ದಾರದ ದಾರಿ ಯಾವ ಊರಿನ ಮೇಲೆ ಹೋಗುತ್ತದೆ ಅಂತ ಲೆಕ್ಕ ಹಾಕಿದೆ. ಹೆಚ್ಚುಕಡಿಮೆ ಚಳ್ಳಕೆರೆ ಮೇಲೆ! ದಾವಣಗೆರೆಗೆ ಸುಮಾರು 50 ಕಿ.ಮೀ. ಪಕ್ಕದಲ್ಲಿ. ಅಂದರೆ ನೀವು ಐದು ಗಂಟೆ ಕಾರಿನಲ್ಲಿ ಆಗ್ನೇಯಕ್ಕೆ ಹೋಗುತ್ತೀರಿ. ಆಮೇಲೆ ವಿಮಾನ ಹತ್ತಿ ವಾಯುವ್ಯಕ್ಕೆ ತಿರುಗಿ ಅರ್ಧ ಗಂಟೆಯೊಳಗೆ ನಿಮ್ಮ ಜಿಲ್ಲೆಯ ಪಕ್ಕಕ್ಕೇ ಬರುತ್ತೀರಿ. 7,400ರಲ್ಲಿ 7,170 ಕಳೆದರೆ ಉಳಿಯುವ 230 ಕಿ.ಮೀ. ಪೂರ್ತಿ ಈ ಹಿಂದಕ್ಕೆ ಹೋಗಿ ಬರುವ ಪ್ರಯಾಣದ್ದೇ. ವಿಮಾನದವರು ತಮಗೆ ಹೇಳಿದ ದಾರಿಯಲ್ಲಿ ಹೋಗುತ್ತಾರೆ, ಅಕ್ಷರಶಃ ಈ ಗೆರೆಯ ಮೇಲೆ ಅಲ್ಲ. ಆದರೂ ದಿಕ್ಕು ಇದೇ.

ಎಣ್ಣೆಗಾಣ (ಚಳ್ಳಕೆರೆ)

ನಮ್ಮೂರ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ರನ್‌ವೇಯೂ ಇದೆ ಸ್ವಾಮಿ, ಮನುಷ್ಯರಿಗೆ ಮಾತ್ರ ಇಲ್ಲ. ಡಿಆರ್‌ಡಿಒ ಪೈಲಟ್ ಇಲ್ಲದ ವಿಮಾನ ಪರೀಕ್ಷೆ ಮಾಡುವ ಜಾಗ ಅದು. 2023ರ ಏಪ್ರಿಲ್ 2ರಂದು ಇಸ್ರೋದವರು ತಮ್ಮ ಮರುಬಳಕೆ ರಾಕೆಟ್ ನೌಕೆಯನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ಹಾರಿ ಬಂದು ಅಲ್ಲಿ ಇಳಿಯಿತು. ಬಾಹ್ಯಾಕಾಶದ ಗಾಡಿ ನಮ್ಮೂರಲ್ಲಿ ಇಳಿಯುತ್ತದೆ, ನಾವು ಮಾತ್ರ ದೇವನಹಳ್ಳಿಗೆ ಹೋಗಬೇಕು.

ಮೇಷ್ಟ್ರೇ, ಒಂದು ಪ್ರಶ್ನೆ. ತಮ್ಮನ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದ್ದಾನೆ. ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಬಂದರು ಅಂತ ಪೇಪರಿನಲ್ಲಿ ಓದಿದ್ದೆ. ಅದೂ ಈ ಮೋಸಂಬಿ ದಾರವೇನಾ?

ಕೋಟೆಬಾಗಿಲು

ಅದೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಆ ನೇರ ವಿಮಾನ ಶುರು ಮಾಡಿತು. ಮೊದಲ ಹಾರಾಟದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಅಲ್ಲಿ ಶನಿವಾರ ರಾತ್ರಿ ಹೊರಟು ಇಲ್ಲಿ ಸೋಮವಾರ ಬೆಳಗಿನ ಜಾವ ಇಳಿದರು. ನೇರ ದೂರ ಸುಮಾರು 14,000 ಕಿ.ಮೀ., ಹಾರಿದ್ದು ಸುಮಾರು 17 ಗಂಟೆ. ಆ ಊರಿಗೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಭಾನುವಾರ ಎಲ್ಲಿ ಹೋಯಿತು ಅಂತ ಹುಡುಕಬೇಕು. ಅಂದ ಹಾಗೆ, ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲು ಆಗುವುದಿಲ್ಲ. ಸುತ್ತಳತೆಯೇ 40,000.

ಗುಂಡಿ ಸರ್ಕಲ್

ಮೇಷ್ಟ್ರೇ, ಸೊನ್ನೆ ತೆಗೆದುಕೊಂಡವನದೊಂದು ಪ್ರಶ್ನೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅನ್ನುತ್ತಾರೆ. 7,400 ಭಾಗಿಸು 900 ಅಂದರೆ ಎಂಟು ಗಂಟೆ ಚಿಲ್ಲರೆ. ಅಮ್ಮನಿಗೆ 9:20 ಯಾಕೆ?

ಕೋಟೆಬಾಗಿಲು

ಇದು ಪ್ರಶ್ನೆ! ಟಿಕೆಟ್‌ನಲ್ಲಿ ಇರುವುದು ಹಾರುವ ಹೊತ್ತಲ್ಲ. ಈ ನಿಲ್ದಾಣದಲ್ಲಿ ಜಾಗ ಬಿಟ್ಟು ಕದಲಿದ ಕ್ಷಣದಿಂದ ಆ ನಿಲ್ದಾಣದಲ್ಲಿ ಬಂದು ನಿಲ್ಲುವ ತನಕ. ರನ್‌ವೇವರೆಗೆ ನೆಲದ ಮೇಲೆ ಉರುಳುವುದು, ಸರದಿಗೆ ಕಾಯುವುದು, ಏರುವಾಗ ಇಳಿಯುವಾಗ ನಿಧಾನ, ಎದುರು ಗಾಳಿ, ದಾರಿಯಲ್ಲಿ ಅಂಕುಡೊಂಕು. ಎಲ್ಲಾ ಸೇರಿ ಸರಾಸರಿ 800ಕ್ಕೆ ಇಳಿಯುತ್ತದೆ. ಆಕಾಶದಲ್ಲೂ ಕೆಲವೊಮ್ಮೆ ರಸ್ತೆ ಬಂದ್ ಇರುತ್ತದೆ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವವರು ಗುಜರಾತ್ ಕಡೆಯಿಂದ ಸುತ್ತಿಕೊಂಡು ಹೋಗಬೇಕಾಯಿತು.

ಪಿ.ಜೆ. ಬಡಾವಣೆ (ದಾವಣಗೆರೆ)

ನೇರ ವಿಮಾನವೇ ಯಾಕೆ? ದುಬೈ ಮೇಲೆ ಹೋದರೆ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ದೂರ ಎಷ್ಟು ಜಾಸ್ತಿ ಆಗುತ್ತದೆ ಮೇಷ್ಟ್ರೇ?

ಕೋಟೆಬಾಗಿಲು

ಬೆಂಗಳೂರು–ದುಬೈ 2,700. ದುಬೈ–ಫ್ರಾಂಕ್‌ಫರ್ಟ್ 4,840. ಒಟ್ಟು 7,540. ಬರೀ 140 ಕಿ.ಮೀ. ಜಾಸ್ತಿ! ದೆಹಲಿ ಮೇಲೆ ಹೋದರೆ 400ಕ್ಕೂ ಹೆಚ್ಚು ಸುತ್ತು. ದುಬೈ ಹೆಚ್ಚುಕಡಿಮೆ ದಾರಿಯಲ್ಲೇ ಇದೆ.

ಹೊಳಲ್ಕೆರೆ ಹೈದ

ದೂರ 140 ಇರಬಹುದು, ಆದರೆ ನಡುವೆ ಮೂರು ನಾಲ್ಕು ಗಂಟೆ ಕೂರಬೇಕು. ಇಳಿದು, ಮತ್ತೆ ತಪಾಸಣೆ ಮುಗಿಸಿ, ಗೇಟ್ ಹುಡುಕಬೇಕು. ಮೊದಲ ಸಲ ಹೋಗುವ ಹಿರಿಯರಿಗೆ ನೇರ ವಿಮಾನವೇ ಸರಿ. ಅಮ್ಮಾ, ಮಂಡಿ ನೋವು ಇದ್ದರೆ ಟಿಕೆಟ್‌ನಲ್ಲೇ ಗಾಲಿಕುರ್ಚಿ ಬೇಕು ಅಂತ ಹಾಕಿಸಿ. ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ನಡಿಗೆ ಜಾಸ್ತಿ. ಭಾಷೆಯ ತೊಂದರೆಯೂ ಅರ್ಧ ಕಡಿಮೆಯಾಗುತ್ತದೆ, ತಳ್ಳುವವರೇ ದಾರಿ ತೋರಿಸುತ್ತಾರೆ.

ಹರಿಹರ ಸವಾರಿ (ಹರಿಹರ)

ನಾನು ಏರ್‌ಪೋರ್ಟ್ ಡ್ರಾಪ್ ಮಾಡುವವನು. ಆಕಾಶದ ಲೆಕ್ಕ ಮೇಷ್ಟ್ರು ಹೇಳಿದರು, ನೆಲದ ಲೆಕ್ಕ ನಾನು ಹೇಳುತ್ತೇನೆ.

ಮೊದಲನೆಯದು ತಾರೀಖು. 10ನೇ ತಾರೀಖು ಬೆಳಗಿನ ಜಾವ 3:10 ಅಂದರೆ ನೀವು ಮನೆ ಬಿಡಬೇಕಾದದ್ದು 9ನೇ ತಾರೀಖು ಸಂಜೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ನಗಬೇಡಿ. ನನ್ನ ಸ್ವಂತ ಅಕ್ಕ ಭಾವ ಮಸ್ಕತ್‌ಗೆ ಹೋಗುವಾಗ ರಾತ್ರಿ ಒಂದೂವರೆಯ ವಿಮಾನಕ್ಕೆ ಅದೇ ತಾರೀಖಿನ ಸಂಜೆ ಮನೆ ಬಿಟ್ಟರು. ಗಾಡಿ ಓಡಿಸಿದ್ದು ನಾನೇ. ನಾವು ಸಿರಾ ದಾಟುವ ಹೊತ್ತಿಗೆ ವಿಮಾನ ಹೋಗಿ ಇಪ್ಪತ್ತು ಗಂಟೆ ಆಗಿತ್ತು. ಟಿಕೆಟ್ ದುಡ್ಡು ಪೂರ್ತಿ ಹೋಯಿತು. ಅಕ್ಕ ಇವತ್ತಿಗೂ ಆ ಮಾತು ಎತ್ತಿದರೆ ಚಹಾ ಕೊಡುವುದಿಲ್ಲ.

ಎರಡನೆಯದು ದಾರಿ. ನೆಲಮಂಗಲ, ಹೆಬ್ಬಾಳ ಕಡೆ ಹೋಗಲೇಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿಕೊಳ್ಳಿ. ಊರೊಳಗಿನ ಟ್ರಾಫಿಕ್ ಪೂರ್ತಿ ತಪ್ಪುತ್ತದೆ. ಊಟದ ನಿಲುಗಡೆ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ. ಸಂಜೆ 6ಕ್ಕೆ ಹೊರಟರೆ 11ಕ್ಕೆ ಅಲ್ಲಿ. ವಿದೇಶಕ್ಕೆ ಹೋಗುವವರು ಮೂರು ಗಂಟೆ ಮೊದಲೇ ಇರಬೇಕು, ಇನ್ನೊಂದು ಗಂಟೆ ಪಂಕ್ಚರ್‌ಗೆ ಅಂತ ಇರಲಿ. ಟರ್ಮಿನಲ್ 2ಕ್ಕೆ ಇಳಿಸಲು ಹೇಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಅಲ್ಲಿಂದಲೇ.

ಪಿ.ಜೆ. ಬಡಾವಣೆ

ಶಿವಮೊಗ್ಗದ ಸೋಗಾನೆಯಿಂದ ಹೋಗಲು ಆಗುವುದಿಲ್ಲವೇ? ಹತ್ತಿರ ಅಲ್ವಾ?

ಹರಿಹರ ಸವಾರಿ

ಹತ್ತಿರವೇ, ಆದರೆ ಅಲ್ಲಿಂದ ಹೊರದೇಶಕ್ಕೆ ವಿಮಾನ ಇಲ್ಲ. ಹುಬ್ಬಳ್ಳಿದೂ ಅದೇ ಕಥೆ. ಇನ್ನೊಂದು ಊರಿನಲ್ಲಿ ಇಳಿದು ಹತ್ತಬೇಕು. ಅಷ್ಟಕ್ಕೆ ಕಾರೇ ವಾಸಿ. ನನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ಗುಂಡಿ ಸರ್ಕಲ್

ಹಾಗಾದರೆ ಮನೆ ಬಾಗಿಲಿನಿಂದ ಮಗಳ ಮನೆ ಬಾಗಿಲಿಗೆ ನಾನು ಲೆಕ್ಕ ಮಾಡಿದೆ, ತಿದ್ದಿ. ಸಂಜೆ 6ಕ್ಕೆ ದಾವಣಗೆರೆ ಬಿಟ್ಟರು. ಫ್ರಾಂಕ್‌ಫರ್ಟ್‌ನಲ್ಲಿ 9ಕ್ಕೆ ಇಳಿದು, ಸಾಲಿನಲ್ಲಿ ನಿಂತು, ಬ್ಯಾಗ್ ತೆಗೆದುಕೊಂಡು ಮನೆ ಮುಟ್ಟುವಾಗ ಅಲ್ಲಿ ಹತ್ತೂವರೆ. ಇಲ್ಲಿ ಮಧ್ಯಾಹ್ನ 2. ಒಟ್ಟು 20 ಗಂಟೆ. ಅದರಲ್ಲಿ ವಿಮಾನದ ಪಾಲು ಅರ್ಧಕ್ಕಿಂತ ಕಡಿಮೆ. 7,400 ಕಿ.ಮೀ.ಗೆ ಒಂಬತ್ತು ಚಿಲ್ಲರೆ ಗಂಟೆ, ಉಳಿದ ಮುನ್ನೂರಕ್ಕೆ ಹತ್ತೂವರೆ!

ಕೋಟೆಬಾಗಿಲು

ಸೊನ್ನೆ ಅಳಿಸಿದ್ದೇನೆ.

ವಿದ್ಯಾನಗರದ ಅಮ್ಮ

ಎಲ್ಲರಿಗೂ ಕೈ ಮುಗಿದೆ. ಕೊನೆಯದಾಗಿ ಒಂದು. ಮಗಳು ಬೆಣ್ಣೆ ಕೇಳಿದ್ದಾಳೆ. ಅಲ್ಲಿ ದೋಸೆ ಹಾಕಿದರೂ ನಮ್ಮೂರ ಬೆಣ್ಣೆಯ ರುಚಿ ಇಲ್ಲವಂತೆ. ಎರಡು ಕೆಜಿ ಒಯ್ಯಬಹುದಾ? ಒಂಬತ್ತು ಗಂಟೆಯಲ್ಲಿ ಕರಗುತ್ತದಾ?

ಹೊಳಲ್ಕೆರೆ ಹೈದ

ಕರಗುವ ಮಾತು ಬಿಡಿ ಅಮ್ಮಾ, ತರುವಂತೆಯೇ ಇಲ್ಲ. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗಿಲ್ಲ. ಬೆಣ್ಣೆ, ತುಪ್ಪ, ಪೇಡ ಯಾವುದೂ ಇಲ್ಲ. ಸಿಕ್ಕಿದರೆ ತೆಗೆದು ಬಿಸಾಡುತ್ತಾರೆ. ಹಸಿ ಕರಿಬೇವೂ ಬೇಡ, ಒಣಗಿಸಿ ಪುಡಿ ಮಾಡಿ ತನ್ನಿ. ಚಟ್ನಿಪುಡಿ, ಮಂಡಕ್ಕಿ, ಉಪ್ಪಿನಕಾಯಿ ನಡೆಯುತ್ತದೆ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿಗೆ ಹಾಕಿ.

ಗುಂಡಿ ಸರ್ಕಲ್

ದಾವಣಗೆರೆಯವರಿಗೆ ಬೆಣ್ಣೆ ಇಲ್ಲದೆ ವೀಸಾ ಕೊಟ್ಟಿದ್ದಾರಾ? ಇದು ಅನ್ಯಾಯ.

ವಿದ್ಯಾನಗರದ ಅಮ್ಮ (ಅಕ್ಟೋಬರ್ 10)

ತಲುಪಿದೆವು. ಮಗಳ ಮನೆ ಮುಟ್ಟಿದಾಗ ಇಲ್ಲಿ ಹತ್ತೂಮುಕ್ಕಾಲು. ಗುಂಡಿ ಸರ್ಕಲ್‌ನವರ ಲೆಕ್ಕ ಕಾಲು ಗಂಟೆ ತಪ್ಪಿತು, ಅಷ್ಟೇ.

ಮೇಷ್ಟ್ರೇ, ನೀವು ಹೇಳಿದ್ದು ನೆನಪಿತ್ತು. ಹೊರಟು ಹದಿನೈದು ಇಪ್ಪತ್ತು ನಿಮಿಷಕ್ಕೆ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದೆ. ಕತ್ತಲೆಯಲ್ಲಿ ಸಾಲಾಗಿ ಕೆಂಪು ದೀಪಗಳು ಮಿನುಗಿದವು. ದುರ್ಗದ ಗುಡ್ಡದ ಗಾಳಿಯಂತ್ರಗಳೇ ಇರಬೇಕು ಅಂದೆ. ನಮ್ಮವರು "ಯಾವುದೋ ಟವರ್ ಇರುತ್ತೆ, ಮಲಗು" ಅಂದರು. ಅವರ ಕೈಗಡಿಯಾರ ಇನ್ನೂ ನಮ್ಮೂರ ಹೊತ್ತೇ ತೋರಿಸುತ್ತಿದೆ. ಬದಲಾಯಿಸಲು ಒಪ್ಪುತ್ತಿಲ್ಲ. ಹೇಗಿದ್ದರೂ ಈ ಜನ ಇನ್ನೊಂದು ಸಲ ತಿರುಗಿಸುತ್ತಾರಂತೆ, ಆಗ ನೋಡೋಣ ಅನ್ನುತ್ತಾರೆ.

ಹರಿಹರ ಸವಾರಿಯವರೇ, ವಾಪಸ್ ಬರುವಾಗ ನೀವೇ ಬರಬೇಕು. 13ನೇ ತಾರೀಖು.

ಹರಿಹರ ಸವಾರಿ

13ರ ಬೆಳಗಿನ ಜಾವ 2:20. ಅಂದರೆ 12ರ ರಾತ್ರಿ ಊಟ ಮುಗಿಸಿ ಹರಿಹರ ಬಿಡುತ್ತೇನೆ. ಫ್ರಿಜ್ಜಿಗೆ ಅಂಟಿಸಿದ್ದೂ ಆಯಿತು.